32 ಸೆಕೆಂಡಿಗೆ ಕಟ್ ಆಗುವ ಫೋನ್: ಪಿಆರ್‌ಐ ಬಿಟ್ಟು ಸಿಪ್‌ಗೆ ಬಂದ ಒಂದು ಕಚೇರಿಯ ಪ್ರಕರಣ

ನಮ್ಮದು ಮಂಗಳೂರಿನ ಹೊರಗಿರುವ ಒಂದು ಪಂಪ್‌ಸೆಟ್ ಕಂಪನಿ. ಸಬ್‌ಮರ್ಸಿಬಲ್, ಸ್ಟಾರ್ಟರ್, ಇಂಪೆಲ್ಲರ್, ಫುಟ್‌ವಾಲ್ವ್, ಹೀಗೆ ಅಡಿಕೆ ತೋಟಕ್ಕೆ ನೀರು ಬಿಡಲು ಬೇಕಾದ ಸಾಮಾನೆಲ್ಲ ಮಾರುತ್ತೇವೆ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಕೃಷಿಕರು ಅಂಗಡಿಗೆ ಬರುವುದಕ್ಕಿಂತ ಫೋನ್ ಮಾಡುವುದೇ ಜಾಸ್ತಿ. ಫೆಬ್ರವರಿಯಿಂದ ಮೇ ತನಕ ಯಾರದ್ದಾದರೂ ಮೋಟರ್ ಸುಟ್ಟರೆ ಅವರಿಗೆ ಆ ದಿನವೇ ಉತ್ತರ ಬೇಕು. ಎರಡು ಸಲ ರಿಂಗ್ ಆಗಿ ಯಾರೂ ಎತ್ತದಿದ್ದರೆ ಇನ್ನೊಂದು ಅಂಗಡಿಗೆ ಮಾಡುತ್ತಾರೆ. ಅದು ಅವರ ತಪ್ಪಲ್ಲ.

ನಾನು ಅಲ್ಲಿ ಕಂಪ್ಯೂಟರ್, ಪ್ರಿಂಟರ್, ಸಿಸಿಟಿವಿ ಎಲ್ಲ ನೋಡಿಕೊಳ್ಳುವವನು. ಫೋನ್ ಮಾತ್ರ ನನ್ನ ಕೆಲಸವಾಗಿರಲಿಲ್ಲ. ಗೋಡೆಗೆ ತೂಗಿದ ಒಂದು ಇಪಿಎಬಿಎಕ್ಸ್ ಪೆಟ್ಟಿಗೆ (ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜ್), ಅದಕ್ಕೆ ಹೊರಗಿನ ಕರೆ ತರುವ ಒಂದು ಪಿಆರ್‌ಐ ಲೈನ್, ನಲವತ್ತು ಚಿಲ್ಲರೆ ಎಕ್ಸ್‌ಟೆನ್ಷನ್. ಹದಿನೈದು ವರ್ಷದಿಂದ ಅದರಷ್ಟಕ್ಕೆ ಅದು ನಡೆದುಕೊಂಡು ಹೋಗುತ್ತಿತ್ತು. 2022ರ ಏಪ್ರಿಲ್‌ನಲ್ಲಿ, ಮಳೆಗಾಲಕ್ಕೂ ಮೊದಲು ಬರುವ ಗುಡುಗು ಮಳೆಗೆ, ಒಂದು ಸಿಡಿಲು ಬಂದು ಪಿಆರ್‌ಐ ಕಾರ್ಡ್ ಸುಟ್ಟಿತು. ಎರಡನೇ ಸಲ. ಮೊದಲ ಸಲ ಸುಟ್ಟಾಗ ಹೊಸ ಕಾರ್ಡ್ ಸಿಕ್ಕಿತ್ತು. ಈ ಸಲ ಆ ಮಾಡೆಲೇ ಇಲ್ಲ ಅಂದರು. ಯಾರದ್ದೋ ಹಳೆಯ ಪೆಟ್ಟಿಗೆಯಿಂದ ಬಿಚ್ಚಿದ ಕಾರ್ಡ್ ಒಂದನ್ನು ಹಾಕಿ ಹೇಗೋ ಸೀಸನ್ ದಾಟಿಸಿದೆವು. ಆಮೇಲೆ ಧಣಿಗಳು ನನ್ನನ್ನು ಕರೆದು, "ಇದನ್ನು ಇಂಟರ್ನೆಟ್‌ನಲ್ಲಿ ಮಾಡ್ಲಿಕ್ಕೆ ಆಗ್ತದಂತಲ್ಲ, ನೀನೇ ನೋಡು" ಅಂದರು. ಅಲ್ಲಿಗೆ ಫೋನೂ ನನ್ನ ತಲೆಗೆ ಬಂತು.

ಪಿಆರ್‌ಐ ಅಂದರೆ ಐಎಸ್‌ಡಿಎನ್ ಎಂಬ ಹಳೆಯ ಡಿಜಿಟಲ್ ಫೋನ್ ಜಾಲದ ದೊಡ್ಡ ಲೈನ್. 2.048 ಎಂಬಿಪಿಎಸ್‌ನ ಒಂದು ಕೊಳವೆಯನ್ನು 64 ಕೆಬಿಪಿಎಸ್‌ನ 32 ಸ್ಲಾಟ್ ಮಾಡಿದ್ದಾರೆ. 30 ಸ್ಲಾಟ್ ಮಾತಿಗೆ. ಒಂದು ಎರಡೂ ಕಡೆಯ ಗಡಿಯಾರ ಒಂದೇ ತಾಳಕ್ಕೆ ಇರಲು. ಇನ್ನೊಂದು ಯಾರು ಯಾರಿಗೆ ಮಾಡುತ್ತಿದ್ದಾರೆ, ಯಾರು ಇಟ್ಟರು ಎಂಬ ಸುದ್ದಿ ಒಯ್ಯಲು. 31ನೇ ಕರೆಗೆ ಎಂಗೇಜ್. ಆದರೆ ಒಳಗೆ ಹೊಕ್ಕ ಮೇಲೆ ಆ ಸ್ಲಾಟ್ ಪೂರ್ತಿ ನಿಮ್ಮದು, ಪಕ್ಕದವರು ಎಷ್ಟೇ ಡೌನ್‌ಲೋಡ್ ಮಾಡಲಿ ನಿಮ್ಮ ಮಾತು ತುಂಡಾಗುವುದಿಲ್ಲ. ಇಂಟರ್ನೆಟ್ ಫೋನ್‌ನಲ್ಲಿ ಆ ಮೀಸಲು ಜಾಗ ಇಲ್ಲ. ಮಾತನ್ನು ಸೆಕೆಂಡಿಗೆ 50 ತುಂಡು ಮಾಡಿ ಕಳಿಸುತ್ತಾರೆ. ಕರೆ ಕೂಡಿಸುವ, ಮುಗಿಸುವ ವ್ಯವಹಾರವನ್ನು ಸಿಪ್ ಎಂಬ ಬೇರೆ ಪದ್ಧತಿ ನೋಡಿಕೊಳ್ಳುತ್ತದೆ. ಮಾತು ಒಂದು ದಾರಿ, ವ್ಯವಹಾರ ಇನ್ನೊಂದು ದಾರಿ. ಈ ಎರಡು ದಾರಿಯ ವಿಷಯ ನನಗೆ ಆಗ ಪುಸ್ತಕದ ಸಂಗತಿಯಾಗಿತ್ತು. ಆಮೇಲೆ ಅದೇ ನನ್ನನ್ನು ಎರಡು ದಿನ ನಿದ್ದೆಗೆಡಿಸಿತು.

ಬ್ರಿಟನ್‌ನಲ್ಲಿ 2023ರ ಸೆಪ್ಟೆಂಬರ್‌ಗೆ ಹೊಸ ಐಎಸ್‌ಡಿಎನ್ ಮಾರುವುದನ್ನೇ ನಿಲ್ಲಿಸಿದರು. ಹಳೆಯ ಜಾಲ ಮುಚ್ಚಲು 2027ರ ಜನವರಿ ಅಂತ ಗಡುವಿದೆ. ನಮ್ಮಲ್ಲಿ ಎಲ್ಲರಿಗೂ ಒಂದೇ ಗಡುವು ಅಂತಿಲ್ಲ. ಕಾರ್ಡ್ ಸುಟ್ಟವರು ಮೊದಲು ಹೋಗುತ್ತಾರೆ ಅಷ್ಟೇ.

ಮೊದಲ ಪ್ರಶ್ನೆ ನಂಬರಿನದ್ದು. ನಮ್ಮ 0824 ಬೋರ್ಡ್ ನಂಬರ್ ಪಂಪಿನ ಪೆಟ್ಟಿಗೆ ಮೇಲಿದೆ, ಬಸ್‌ಸ್ಟ್ಯಾಂಡಿನ ಗೋಡೆ ಮೇಲಿದೆ, ಎಷ್ಟೋ ತೋಟದ ಪಂಪ್‌ಶೆಡ್ಡಿನ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿದೆ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಅನುಕೂಲ ದೇಶದಾದ್ಯಂತ 2011ರಿಂದ ಇದೆ. ಲ್ಯಾಂಡ್‌ಲೈನಿಗೆ ಆ ಭಾಗ್ಯ ಇಲ್ಲ. ಬೇರೆ ಕಂಪನಿಯವರು ಅರ್ಧ ಬಾಡಿಗೆಗೆ ಕೊಡುತ್ತೇವೆ ಅಂತ ಬಂದಿದ್ದರು. ನಂಬರ್ ಬದಲಾಗುತ್ತದಲ್ಲ ಅಂದದ್ದಕ್ಕೆ, "ಹೊಸ ನಂಬರ್ ಪ್ರಿಂಟ್ ಮಾಡಿಸಿ ಸಾರ್" ಅಂದರು. ಸೀಮೆಸುಣ್ಣದಲ್ಲಿ ಬರೆದದ್ದನ್ನು ಯಾರು ತಿದ್ದುವುದು? ಹಾಗಾಗಿ ಹಳೆಯ ಕಂಪನಿಯಲ್ಲೇ ಉಳಿದೆವು. ಅವರು ಪಿಆರ್‌ಐ ತೆಗೆದು, ಅದೇ ನಂಬರುಗಳನ್ನು ಫೈಬರ್ ಮೇಲೆ ಸಿಪ್ ಟ್ರಂಕ್ (ಹಲವು ಕರೆ ಒಟ್ಟಿಗೆ ಒಯ್ಯುವ ಲೈನ್) ಆಗಿ ಕೊಡುವುದು ಅಂತ ಮಾತಾಯಿತು. ಹೆಸರು ಇಲ್ಲಿ ಬೇಡ.

ಎಷ್ಟು ಚಾನೆಲ್ ಬೇಕು, ಅಂದರೆ ಒಟ್ಟಿಗೆ ಎಷ್ಟು ಕರೆ? ಹಳೆಯ ಪೆಟ್ಟಿಗೆಯ ಕರೆ ಪಟ್ಟಿ ತೆಗೆದು ನೋಡಿದೆ. ಬೇಸಗೆಯ ಬೆಳಗ್ಗೆ ಹನ್ನೊಂದರ ಹೊತ್ತಿಗೂ ಒಟ್ಟಿಗೆ 17ಕ್ಕಿಂತ ಜಾಸ್ತಿ ಕರೆ ಇರಲಿಲ್ಲ. ಹದಿನೈದು ವರ್ಷ 30ಕ್ಕೆ ದುಡ್ಡು ಕಟ್ಟಿದ್ದೆವು. 20 ತೆಗೆದುಕೊಂಡೆವು. ಜಿ.711 ಎಂಬ ಪದ್ಧತಿಯಲ್ಲಿ ಮಾತು 64 ಕೆಬಿಪಿಎಸ್ ಆದರೂ, ಪ್ರತಿ ತುಂಡಿಗೂ ವಿಳಾಸ ಅಂಟಿಸಬೇಕಲ್ಲ, ಅದೆಲ್ಲ ಸೇರಿ ಒಂದು ಕರೆಗೆ ಸುಮಾರು 87 ಕೆಬಿಪಿಎಸ್ ಆಗುತ್ತದೆ. 20 ಕರೆಗೆ 2 ಎಂಬಿಪಿಎಸ್‌ನ ಒಳಗೆ. ಇದಕ್ಕೆ "50 ಎಂಬಿಪಿಎಸ್ ಬೇಕೇ ಬೇಕು" ಅಂದವರೂ ಇದ್ದರು.

ಸಮಯ ಆರಿಸುವುದು ಸುಲಭ, ಅಂದುಕೊಂಡೆ. ಮಳೆ ಶುರುವಾದರೆ ತೋಟಕ್ಕೆ ನೀರು ಬೇಡ, ನಮಗೆ ಫೋನ್ ಕಮ್ಮಿ. ಜೂನ್ 12, ಭಾನುವಾರ ಅಂತ ಗುರುತು ಹಾಕಿದೆ. ಮಳೆಗಾಲದಲ್ಲಿ ಕರೆಂಟೂ ಹೋಗುತ್ತದೆ, ಸಿಡಿಲೂ ಬರುತ್ತದೆ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಆ ಭಾನುವಾರಕ್ಕಿಂತ ಮೊದಲು ಹಳೆಯ ಪೆಟ್ಟಿಗೆಗೆ ಏನೇನು ತೂಗಿಕೊಂಡಿದೆ ಅಂತ ಪಟ್ಟಿ ಮಾಡಬೇಕಿತ್ತು. ಇಪಿಎಬಿಎಕ್ಸ್ ಹಾಕಿದವರ ಕಾಗದ ಯಾವಾಗಲೋ ಕಳೆದುಹೋಗಿತ್ತು. ಪಟ್ಟಿ ಸಿಕ್ಕಿದ್ದು ರಿಸೆಪ್ಷನ್ ಅಕ್ಕನ ಹತ್ತಿರ. ಹಳೆಯ ಡೈರಿಯ ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ನನಗೆ ಗೊತ್ತೇ ಇಲ್ಲದ ಐದು ಸಂಗತಿ ಇದ್ದವು. ಲಿಫ್ಟಿನೊಳಗಿನ ಫೋನ್. ಗೋದಾಮಿನ ಜೋರು ಗಂಟೆ, ಅದು 240 ಎಂಬ ಎಕ್ಸ್‌ಟೆನ್ಷನ್‌ಗೆ ರಿಂಗ್ ಆದರೆ ಹೊಡೆಯುತ್ತದೆ. ಹಿಂದಿನ ಗೇಟಿನ ವಾಚ್‌ಮನ್ ಫೋನ್. ಧಣಿಗಳ ಕೋಣೆಯ ಒಂದು ನೇರ ಲೈನ್, ಅದು ಬೋರ್ಡಿಗೆ ಬರುವುದೇ ಇಲ್ಲ. ಮತ್ತೆ ಫ್ಯಾಕ್ಸ್.

ಫ್ಯಾಕ್ಸ್ ಬಗ್ಗೆ ಎಲ್ಲರೂ ನನ್ನನ್ನು ಹೆದರಿಸಿದ್ದರು. ಇಂಟರ್ನೆಟ್ ಫೋನ್‌ನಲ್ಲಿ ಫ್ಯಾಕ್ಸ್ ಅರ್ಧ ಪುಟಕ್ಕೆ ಸಾಯುತ್ತದೆ, ಟಿ.38 ಎಂಬ ಬೇರೆ ಪದ್ಧತಿ ಬೇಕು, ಅದು ಎರಡೂ ಕಡೆ ಇರಬೇಕು, ಹೀಗೆ. ಎಲ್ಲ ನಿಜವೇ. ನಾನೂ ಒಂದು ಸಂಜೆ ಪೂರ್ತಿ ಓದಿದೆ. ಮರುದಿನ ಮೆಷಿನ್ ತೆರೆದು ನೋಡಿದರೆ ಒಳಗೆ ಪೇಪರ್ ರೋಲೇ ಇಲ್ಲ. ಯಾವಾಗ ಮುಗಿದಿತ್ತೋ.

ಗೇಟಿನ ಫೋನ್ ಹಾಗಲ್ಲ. ಆಫೀಸಿನಿಂದ ಗೇಟಿಗೆ 240 ಮೀಟರ್. ನೆಟ್‌ವರ್ಕ್ ಕೇಬಲ್ 100 ಮೀಟರ್ ದಾಟಿದರೆ ನಂಬುವಂತಿಲ್ಲ. ಹಳೆಯ ಫೋನಿನ ಎರಡು ತಾಮ್ರದ ಎಳೆಗೆ ಅದೇನೂ ದೂರವಲ್ಲ. ಆದ್ದರಿಂದ ಗೇಟು, ಲಿಫ್ಟು, ಗೋದಾಮಿನ ಗಂಟೆ, ಈ ಮೂರನ್ನು ಹಾಗೇ ತಾಮ್ರದಲ್ಲಿ ಬಿಟ್ಟು, ಹಳೆಯ ಫೋನನ್ನು ಹೊಸ ಜಾಲಕ್ಕೆ ಸೇರಿಸುವ ಎಂಟು ಪೋರ್ಟಿನ ಒಂದು ಗೇಟ್‌ವೇ ತಂದೆ. ಫೋನಿನ ಎಳೆಗಳೆಲ್ಲ ಬಂದು ಸೇರುವ ಕ್ರೋನ್ ಬಾಕ್ಸಿನಲ್ಲಿ ಯಾವ ಎಳೆ ಎಲ್ಲಿಗೆ ಹೋಗುತ್ತದೆ ಅಂತ ಹುಡುಕುವುದಕ್ಕೇ ಒಂದು ದಿನ ಬೇಕಾಯಿತು. ಪ್ರತಿ ಜೋಡಿಗೂ ಟೆಸ್ಟ್ ಫೋನ್ ಸಿಕ್ಕಿಸಿ, ಅಕ್ಕನಿಗೆ ಮಾಡಿ, "ಈಗ ಯಾವ ನಂಬರ್ ಬಂತು?" ಅಂತ ಕೇಳುವುದು. ಅವರು ಹೇಳುವುದು, ನಾನು ಸ್ಟಿಕ್ಕರ್ ಅಂಟಿಸುವುದು.

ಒಳಗಿನ ಎಕ್ಸ್‌ಚೇಂಜ್ ಆಗಿ ಆಸ್ಟೆರಿಸ್ಕ್ ಎಂಬ ಸಾಫ್ಟ್‌ವೇರ್ ಹಾಕಿದೆ. ದುಡ್ಡು ಕೊಡಬೇಕಾಗಿಲ್ಲ, ಲಿನಕ್ಸ್ ನನಗೆ ಗೊತ್ತಿತ್ತು. ಫೈಲುಗಳನ್ನು ಕೈಯಾರೆ ಬರೆದೆ. ಇದರ ಬಗ್ಗೆ ಆಗ ಸ್ವಲ್ಪ ಜಂಬವೂ ಇತ್ತು. ಸರ್ವರ್ ನಮ್ಮ ಆಫೀಸ್ ಜಾಲದ ಒಳಗೆ, ಒಳಗೆ ಮಾತ್ರ ನಡೆಯುವ 192.168 ವಿಳಾಸದಲ್ಲಿ. ಫೈಬರ್ ಬಂದು ನಿಂತದ್ದು ಒಳಗಿನ ಜಾಲಕ್ಕೂ ಹೊರಗಿನದ್ದಕ್ಕೂ ನಡುವೆ ಕಾವಲಿರುವ ಫೈರ್‌ವಾಲ್‌ಗೆ, ಅಲ್ಲಿ ಟೆಲಿಕಾಂ ಕಂಪನಿ ಕೊಟ್ಟ ಇನ್ನೊಂದು ವಿಳಾಸ.

ಗುರುವಾರ ಟೆಸ್ಟ್ ನಂಬರ್ ಒಂದು ಕೊಟ್ಟರು. ಮೊಬೈಲಿನಿಂದ ಮಾಡಿದೆ. ರಿಂಗ್ ಆಯಿತು. ಅಕ್ಕ ಎತ್ತಿದರು. "ಹಲೋ, ಹಲೋ" ಅಂತ ಅವರ ಸ್ವರ ನನಗೆ ಚೆನ್ನಾಗಿ ಕೇಳುತ್ತದೆ. ನನ್ನದು ಅವರಿಗೆ ಇಲ್ಲ. ಇದು ಸಿಪ್ ಹಾಕುವ ಎಲ್ಲರಿಗೂ ಬರುವ ಮೊದಲ ಜ್ವರ. ನಮ್ಮ ಸರ್ವರ್ ಫೋನ್ ಎತ್ತುವಾಗ "ಮಾತಿನ ತುಂಡುಗಳನ್ನು ಈ ವಿಳಾಸಕ್ಕೆ ಕಳಿಸಿ" ಅಂತ ಚೀಟಿ ಬರೆಯುತ್ತದೆ. ಆ ಚೀಟಿಯಲ್ಲಿ ಅದು ತನ್ನ ಮನೆಯೊಳಗಿನ 192.168 ವಿಳಾಸವನ್ನೇ ಬರೆದಿತ್ತು. ಆ ಕಡೆಯವರು ಪಾಪ ಅಲ್ಲಿಗೇ ಕಳಿಸುತ್ತಿದ್ದರು, ತಲುಪುವುದು ಹೇಗೆ? ಮಾತಿಗೆ ಹೊರಗಿನ ವಿಳಾಸ ಯಾವುದು ಅಂತ ಫೈಲಿನಲ್ಲಿ ಒಂದು ಸಾಲು ಸೇರಿಸಿದೆ. ಎರಡೂ ಕಡೆ ಕೇಳಿಸಿತು. ಎಲ್ಲ ಎಕ್ಸ್‌ಟೆನ್ಷನ್‌ಗೂ ಒಂದೊಂದು ಸಲ ಮಾಡಿ ನೋಡಿದೆವು. "ಹಲೋ, ಕೇಳ್ತದಾ?" "ಕೇಳ್ತದೆ." "ಸರಿ, ಇಡಿ." ಟಿಕ್ ಹಾಕಿದೆ.

ಭಾನುವಾರ ಬೆಳಗ್ಗೆ ನಂಬರುಗಳು ಈ ಕಡೆ ಬಂದವು. ಬಂದ ಕೂಡಲೇ ಒಂದೂ ರಿಂಗ್ ಆಗಲಿಲ್ಲ. ಪಿಆರ್‌ಐ ನಮಗೆ ಕೊನೆಯ ನಾಲ್ಕು ಅಂಕೆ ಮಾತ್ರ ಕೊಡುತ್ತಿತ್ತು, ಸಿಪ್ +91824ರಿಂದ ಪೂರ್ತಿ ಕೊಡುತ್ತದೆ. ನನ್ನ ಪಟ್ಟಿ ನಾಲ್ಕು ಅಂಕೆಯದ್ದು. ಟೆಸ್ಟ್ ನಂಬರನ್ನು ಮಾತ್ರ ಪೂರ್ತಿ ಬರೆದಿದ್ದೆ, ಅದಕ್ಕೇ ಗುರುವಾರ ಗೊತ್ತಾಗಿರಲಿಲ್ಲ. ಮುಂದಿನದ್ದನ್ನು ಕತ್ತರಿಸಿ ಕೊನೆಯ ನಾಲ್ಕು ಇಟ್ಟುಕೋ ಅಂತ ಬರೆದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಸಂಜೆ ನಾಲ್ಕಕ್ಕೆ ಮನೆಗೆ ಹೋಗಿ ಮಲಗಿದೆ.

ಸೋಮವಾರ ಒಂಬತ್ತೂವರೆಗೆ ಸ್ಪೇರ್ಸ್ ಸೆಕ್ಷನ್ನಿನವರು ಬಂದರು. "ಎಂತ ಮಾರಾಯ್ರೇ, ಮಾತಾಡ್ತಾ ಮಾತಾಡ್ತಾ ಕಟ್ ಆಗ್ತದೆ." ಒಂದಿಬ್ಬರಿಗೆ ಇರಬಹುದು, ಮೊಬೈಲ್ ಸಿಗ್ನಲ್ ಇರಬಹುದು ಅಂದೆ. ಹತ್ತೂವರೆಗೆ ಸರ್ವಿಸ್‌ನವರೂ ಬಂದರು. ಟೆಲಿಕಾಂ ಕಂಪನಿಗೆ ಮಾಡಿದರೆ, "ನಮ್ಮ ಕಡೆಯಿಂದ ಎಲ್ಲ ಸರಿ ಇದೆ ಸಾರ್." ಅವರು ನಮಗೆ ವಾಪಸ್ ಮಾಡಿ ಇದನ್ನು ಹೇಳುತ್ತಿರುವಾಗಲೇ ಆ ಕರೆಯೂ ಕಟ್ ಆಯಿತು.

ಕೃಷಿಕರು ಫೋನಿನಲ್ಲಿ ನೇರ ವಿಷಯಕ್ಕೆ ಬರುವುದಿಲ್ಲ. ಮೊದಲು ಮಳೆ ಹೇಗುಂಟು ಅಂತ ಕೇಳಬೇಕು. ಮತ್ತೆ ಯಾವ ವರ್ಷ ಪಂಪ್ ತೆಗೆದುಕೊಂಡದ್ದು, ಯಾರ ಮೂಲಕ ತೆಗೆದುಕೊಂಡದ್ದು. ಆಮೇಲೆ ಮೋಟರ್ ಸುಟ್ಟ ಕತೆ. ಸರಿಯಾಗಿ ಆ ಕತೆ ಶುರುವಾಗುವ ಜಾಗಕ್ಕೆ ಫೋನ್ ಸಾಯುತ್ತಿತ್ತು. ಮತ್ತೆ ಮಾಡಿದರೆ ಮತ್ತೆ ಮಳೆಯಿಂದಲೇ ಶುರು.

ಸುಳಿವು ಕೊಟ್ಟವರು ಅಕ್ಕನೇ. "ಒಳಗೆ ಬಂದದ್ದು ಮಾತ್ರ ಕಟ್ ಆಗುದು. ನಾವು ಮಾಡಿದ್ದು ಎಷ್ಟೊತ್ತು ಮಾತಾಡಿದ್ರೂ ಕಟ್ ಆಗುದಿಲ್ಲ, ನೋಡಿ ಬೇಕಾದ್ರೆ" ಅಂದರು. ಕರೆ ಪಟ್ಟಿ ತೆರೆದೆ. ಒಳಬಂದ ಕರೆಗಳ ಉದ್ದದ ಕಾಲಂ: 32, 32, 11, 32, 32, 32, 8, 32. ಸಿಗ್ನಲ್ ಸಮಸ್ಯೆಗೆ ಇಷ್ಟು ಶಿಸ್ತು ಇರುವುದಿಲ್ಲ ಅಲ್ವಾ.

ಸಿಪ್ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ ಎಂಬ ಸಾಧನ ಹಾಕಿ ಒಂದು ಕರೆಯನ್ನು ಕೂತು ನೋಡಿದೆ. ಆ ಕಡೆಯಿಂದ "ಇನ್ವೈಟ್" ಬಂತು. ನಾವು "ರಿಂಗಿಂಗ್" ಅಂದೆವು. ಅಕ್ಕ ಎತ್ತಿದ ಕೂಡಲೇ ನಾವು "200 ಓಕೆ" ಕಳಿಸಿದೆವು. ಈಗ ಅವರು "ಸಿಕ್ಕಿತು" ಅನ್ನಬೇಕು, ಅದಕ್ಕೆ ಆ್ಯಕ್ ಅನ್ನುತ್ತಾರೆ. ಬರಲಿಲ್ಲ. ಅರ್ಧ ಸೆಕೆಂಡ್ ಬಿಟ್ಟು ನಾವು ಮತ್ತೆ "200 ಓಕೆ" ಅಂದೆವು. ಒಂದು ಸೆಕೆಂಡ್ ಬಿಟ್ಟು ಮತ್ತೆ. ಎರಡು ಸೆಕೆಂಡ್, ನಾಲ್ಕು, ನಾಲ್ಕು, ನಾಲ್ಕು. ಮೇಲೆ ಅಕ್ಕ ಮಳೆಯ ಬಗ್ಗೆ ಮಾತಾಡುತ್ತಿದ್ದಾರೆ, ಕೆಳಗೆ ಸರ್ವರ್ ಒಂದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದೆ. ಸಿಪ್‌ನ ನಿಯಮದಲ್ಲಿ ಈ ಕಾಯುವಿಕೆಗೆ ಒಂದು ಮಿತಿ ಇದೆ. ಅರ್ಧ ಸೆಕೆಂಡಿನ 64 ಪಟ್ಟು, ಅಂದರೆ 32 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಆ ಕಡೆ ಯಾರೂ ಇಲ್ಲ ಅಂತ ತಿಳಿದು ಕರೆ ಮುಗಿಸುವುದು. ಸರ್ವರ್ ತನ್ನ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು.

ಆ್ಯಕ್ ಯಾಕೆ ಬರಲಿಲ್ಲ? "200 ಓಕೆ"ಯ ಒಳಗೆ "ಮುಂದೆ ನನ್ನನ್ನು ಇಲ್ಲಿ ಸಂಪರ್ಕಿಸಿ" ಎಂಬ ಸಾಲಿದೆ. ಅಲ್ಲಿ ಮತ್ತೆ ಅದೇ 192.168. ಗುರುವಾರ ನಾನು ಮಾತಿನ ದಾರಿಗೆ ಮಾತ್ರ ಹೊರಗಿನ ವಿಳಾಸ ಕೊಟ್ಟಿದ್ದೆ. ವ್ಯವಹಾರದ ದಾರಿಗೆ ಬೇರೆಯೇ ಒಂದು ಸಾಲು ಬೇಕು, ಅದು ಖಾಲಿ ಇತ್ತು. ನಾವು ಹೊರಗೆ ಮಾಡುವ ಕರೆಯಲ್ಲಿ ಆ್ಯಕ್ ಕಳಿಸುವವರು ನಾವೇ, ಆದ್ದರಿಂದ ಅವು ಕಟ್ ಆಗುತ್ತಿರಲಿಲ್ಲ. ಸಾಲು ಬರೆದೆ, ರೀಸ್ಟಾರ್ಟ್ ಮಾಡಿದೆ. ಅಕ್ಕನ ಮುಂದಿನ ಕರೆ ಒಂಬತ್ತು ನಿಮಿಷ ಹೋಯಿತು.

ಟೆಸ್ಟ್ ಪಟ್ಟಿಯಲ್ಲಿ ನಲವತ್ತು ಚಿಲ್ಲರೆ ಟಿಕ್ ಇತ್ತು. ಎಲ್ಲ ಹತ್ತು ಸೆಕೆಂಡಿನ ಕರೆಗಳು. "ಕೇಳ್ತದಾ, ಸರಿ, ಇಡಿ." ಈಗ ಟೆಸ್ಟ್ ಮಾಡುವಾಗ ಒಂದು ಕರೆಯನ್ನು ಕೂಡಿಸಿ, ಎರಡು ಫೋನನ್ನೂ ಮೇಜಿನ ಮೇಲಿಟ್ಟು ಚಾ ಕುಡಿಯಲು ಹೋಗುತ್ತೇನೆ.

ಅದೇ ವಾರ ಧಣಿಗಳು ಕರೆ ಪಟ್ಟಿಯ ಪ್ರಿಂಟ್ ಹಿಡಿದುಕೊಂಡು ಬಂದರು. "ಇರಾನಿಗೆ ಯಾರು ಮಾರಾಯ ಫೋನ್ ಮಾಡುದು? ನಾವು ಅಲ್ಲಿಗೆ ಪಂಪ್ ಕಳಿಸ್ತೇವಾ?" ನೋಡಿದರೆ ಹೌದು, ಇರಾನ್, ಶ್ರೀಲಂಕಾ, ಮ್ಯಾನ್ಮಾರ್. ಎಲ್ಲ ಸೋತ ಕರೆಗಳು, ಐಎಸ್‌ಡಿ ಬಂದ್ ಮಾಡಿದ್ದೆ. ಮೊದಲು ಹೊಳೆದದ್ದು, ಯಾರೋ ಹೊರಗಿನಿಂದ ಒಳಗೆ ಹೊಕ್ಕಿದ್ದಾರೆ ಅಂತ. ಕೈ ತಣ್ಣಗಾಯಿತು.

ವಿಷಯ ಅದಲ್ಲ. ಹಳೆಯ ಪೆಟ್ಟಿಗೆಯಲ್ಲಿ ಹೊರಗಿನ ಲೈನ್ ಬೇಕಾದರೆ ಮೊದಲು 0 ಒತ್ತಬೇಕಿತ್ತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ನಂಬರಿನ ಮುಂದೆ ಇನ್ನೊಂದು 0 ಬೇಕು. ಹಾಗಾಗಿ ಎಲ್ಲರ ಬೆರಳಿಗೆ ಎರಡು ಸೊನ್ನೆ ಅಭ್ಯಾಸ. ಹೊಸದರಲ್ಲಿ ನಾನು ಮೊದಲಿನ ಸೊನ್ನೆ ತೆಗೆದಿದ್ದೆ, ನೋಟಿಸೂ ಅಂಟಿಸಿದ್ದೆ. ನೋಟಿಸ್ ಯಾರು ಓದುತ್ತಾರೆ? 98ರಿಂದ ಶುರುವಾಗುವ ಮೊಬೈಲಿಗೆ ಎರಡು ಸೊನ್ನೆ ಹಾಕಿ ಒತ್ತಿದರೆ 0098 ಆಗುತ್ತದೆ, ಅದು ಇರಾನ್. 94 ಶ್ರೀಲಂಕಾ, 95 ಮ್ಯಾನ್ಮಾರ್. ಬೆರಳಿಗೆ ಬುದ್ಧಿ ಹೇಳುವುದಕ್ಕಿಂತ ಸರ್ವರಿಗೆ ಹೇಳುವುದು ಸುಲಭ. ಎರಡು ಸೊನ್ನೆ, ಆಮೇಲೆ 6ರಿಂದ 9ರ ಒಳಗಿನ ಅಂಕೆಯಿಂದ ಶುರುವಾಗುವ ಸರಿಯಾಗಿ ಹತ್ತು ಅಂಕೆ ಬಂದರೆ ಒಂದು ಸೊನ್ನೆ ತೆಗೆ ಅಂತ ಬರೆದೆ. ಸೊನ್ನೆಯೇ ಹಾಕದೆ ಮೊಬೈಲಿನಲ್ಲಿ ಒತ್ತಿದ ಹಾಗೆ ಹತ್ತು ಅಂಕೆ ಒತ್ತಿದರೆ ಒಂದು ಸೊನ್ನೆ ಸೇರಿಸು ಅಂತಲೂ ಬರೆದೆ. ಇರಾನ್ ಮತ್ತೆ ಬರಲಿಲ್ಲ.

ಹೊರಗಿನವರ ಭಯ ಸುಳ್ಳೇನೂ ಅಲ್ಲ. ಸೇಲ್ಸ್‌ನವರ ಮೊಬೈಲಿನಲ್ಲೂ ಎಕ್ಸ್‌ಟೆನ್ಷನ್ ಬರುವ ಹಾಗೆ ಮಾಡೋಣ ಅಂತ ಒಂದು ಸಂಜೆ ಸಿಪ್‌ನ ಬಾಗಿಲಾದ 5060 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದೆ, ಸುಮ್ನೆ ನೋಡಲು. ರಾತ್ರಿ ಊಟ ಮುಗಿಸಿ ಲಾಗ್ ತೆರೆದರೆ 100, 101, 102, 1000, 1001 ಅಂತ ಒಂದೊಂದೇ ಎಕ್ಸ್‌ಟೆನ್ಷನ್‌ಗೆ ಪಾಸ್‌ವರ್ಡ್ ಹೊಡೆದು ನೋಡುತ್ತಿದ್ದಾರೆ. ಕೆಲವದರ ಹೆಸರು "ಫ್ರೆಂಡ್ಲಿ ಸ್ಕ್ಯಾನರ್" ಅಂತ ಬೇರೆ! ಕೂಡಲೇ ಮುಚ್ಚಿದೆ. ಸೇಲ್ಸ್‌ನವರು ಈಗ ವಿಪಿಎನ್ ಎಂಬ ಖಾಸಗಿ ದಾರಿಯ ಮೂಲಕವೇ ಬರುತ್ತಾರೆ. ಗೊಣಗುತ್ತಾರೆ, ಗೊಣಗಲಿ.

ಜೂನ್ ಕೊನೆಗೆ ಮಳೆ ಜೋರಾಯಿತು. ಕರೆಂಟ್ ಹೋಯಿತು, ಇಪ್ಪತ್ತು ಸೆಕೆಂಡಿಗೆ ಜನರೇಟರ್ ಬಂತು. ಮೇಲಿನ ಮಹಡಿಯ ಫೋನುಗಳು ಮಾತ್ರ ಎರಡು ನಿಮಿಷ ಸತ್ತೇ ಇದ್ದವು. ಹಳೆಯ ಫೋನಿಗೆ ಕರೆಂಟ್ ಇಪಿಎಬಿಎಕ್ಸ್‌ನ 48 ವೋಲ್ಟ್ ಬ್ಯಾಟರಿಯಿಂದ ಅದೇ ತಾಮ್ರದ ಎಳೆಯಲ್ಲಿ ಬರುತ್ತಿತ್ತು. ಮಳೆಯಿರಲಿ, ಕತ್ತಲಿರಲಿ, ಡಯಲ್ ಟೋನ್ ಇದ್ದೇ ಇತ್ತು. ಹೊಸ ಐಪಿ ಫೋನ್‌ಗಳಿಗೆ ಕರೆಂಟ್ ಬರುವುದು ಅವನ್ನು ಸಿಕ್ಕಿಸಿದ, ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಪಿಒಇ ಸ್ವಿಚ್‌ನಿಂದ. ಕೆಳಗಿನ ಸರ್ವರ್ ರೂಮಿಗೆ ಯುಪಿಎಸ್ ಇತ್ತು, ಮೇಲಿನ ಸ್ವಿಚ್‌ಗೆ ಇರಲಿಲ್ಲ. ಇಪ್ಪತ್ತು ಸೆಕೆಂಡ್ ಕರೆಂಟ್ ಹೋದರೆ ಸ್ವಿಚ್ ಏಳಬೇಕು, ಅದರ ಮೇಲೆ ಫೋನ್ ಏಳಬೇಕು. ನಮ್ಮೂರ ಮಳೆಗಾಲದಲ್ಲಿ ದಿನಕ್ಕೆ ಆರು ಸಲ ಈ ಆಟ. ಒಂದು ಸಣ್ಣ ಯುಪಿಎಸ್ ತಂದಿಟ್ಟೆ. ಈ ಇಡೀ ಬದಲಾವಣೆಯಲ್ಲಿ ಧಣಿಗಳು ಪ್ರಶ್ನೆ ಕೇಳದೆ ಸೈನ್ ಹಾಕಿದ ಬಿಲ್ ಅದೊಂದೇ.

ಆಗಸ್ಟ್‌ನಲ್ಲಿ ಚರಂಡಿ ಕೆಲಸದ ಜೆಸಿಬಿ ಫೈಬರ್ ಕತ್ತರಿಸಿತು. ಟ್ರಂಕ್ ಸತ್ತರೆ ಬೋರ್ಡ್ ನಂಬರಿನ ಕರೆಯನ್ನು ಟೆಲಿಕಾಂ ಕಂಪನಿಯೇ ಒಂದು ಮೊಬೈಲಿಗೆ ತಿರುಗಿಸುವ ಹಾಗೆ ಮೊದಲೇ ಬರೆದುಕೊಟ್ಟಿದ್ದೆ. ಅದು ಕೆಲಸ ಮಾಡಿತು. ಐದು ಗಂಟೆ ಅಕ್ಕ ಒಂದೇ ಮೊಬೈಲಿನಲ್ಲಿ ಇಡೀ ಆಫೀಸ್ ನಡೆಸಿದರು. ಎಕ್ಸ್‌ಟೆನ್ಷನ್‌ಗೆ ಕೊಡಲು ಆಗುವುದಿಲ್ಲವಲ್ಲ, ಮೊಬೈಲ್ ಹಿಡಿದುಕೊಂಡೇ ಸ್ಪೇರ್ಸ್‌ಗೂ ಸರ್ವಿಸ್‌ಗೂ ನಡೆದರು. ಬೇಸಗೆಯಲ್ಲಿ ಹೀಗಾದರೆ ಒಂದು ಮೊಬೈಲ್ ಸಾಲದು. ಬೇರೆ ದಾರಿಯಲ್ಲಿ ಬರುವ ಇನ್ನೊಂದು ಲಿಂಕ್ ಕೇಳಿದ್ದೇನೆ, ಕಾಗದ ಇನ್ನೂ ಧಣಿಗಳ ಮೇಜಿನ ಮೇಲಿದೆ.

ಇನ್ನೊಂದು ಮಾತು, ಪಿಆರ್‌ಐ ಬಿಡುವವರಿಗೆ. ನಂಬರ್ ಸಿಪ್‌ಗೆ ಬಂದ ಮಾತ್ರಕ್ಕೆ ಪಿಆರ್‌ಐ ಬಾಡಿಗೆ ನಿಲ್ಲುವುದಿಲ್ಲ. ಬಿಡುತ್ತೇವೆ ಅಂತ ಬೇರೆ ಪತ್ರ ಕೊಡಬೇಕು. ಖಾಲಿ ಲೈನಿಗೆ ನಾವು ಎರಡು ತಿಂಗಳು ದುಡ್ಡು ಕಟ್ಟಿದೆವು. ಮೋಡೆಮ್ಮಿನ ಹಸಿರು ದೀಪ ಉರಿಯುತ್ತಲೇ ಇತ್ತು, ದಿನಾ ಅದರ ಎದುರೇ ಓಡಾಡುತ್ತಿದ್ದೆ, ಹೊಳೆಯಲಿಲ್ಲ.

ಹಳೆಯ ಇಪಿಎಬಿಎಕ್ಸ್ ಗುಜರಿಗೆ ಹೋಯಿತು. ಪೆಟ್ಟಿಗೆಗಿಂತ ಅದರ ಬ್ಯಾಟರಿಗಳಿಗೇ ಜಾಸ್ತಿ ಸಿಕ್ಕಿತು. ಗೇಟಿನ ಫೋನ್ ಇನ್ನೂ ತಾಮ್ರದ ಮೇಲಿದೆ. ಸೆಪ್ಟೆಂಬರ್‌ನ ಒಂದು ಸಿಡಿಲಿಗೆ ಗೇಟ್‌ವೇಯ ಆ ಪೋರ್ಟ್ ಸುಟ್ಟಿತು. ಎಂಟರಲ್ಲಿ ಐದು ಖಾಲಿ ಇದ್ದವು, ಎಳೆಯನ್ನು ಪಕ್ಕದ ಪೋರ್ಟಿಗೆ ಹಾಕಿದೆ. ಈಗ ಉಳಿದಿರುವುದು ನಾಲ್ಕು.